ಮಸುಕು ಸ್ಲೈಡು

"ಕಂಪ್ಯೂಟರ್ ಕ್ಯಾನ್ಸರ್ ಇಲ್ಲ ಅಂದ ಮ್ಯಾಲ ಇಲ್ಲ. ಎದಿ ಕೊಯ್ಸಿಕೊಳ್ಳಾಕ ನನಗೇನ ಹುಚ್ಚ ಹಿಡದೈತೇನ?" ಎಂದು ಅಂಬುಬಾಯಿ ಸಿಕಂದರಾಬಾದಿನ ಆ ಕಚೇರಿಯ ಸೋಫಾದ ಮೇಲೆ ಕಾಲು ಮಡಚಿ ಕೂತಳು.

ಎದುರಿಗೆ ನಿಂತ ಸತ್ಯಭಾಮಾ ಅವಳ ಅಕ್ಕನ ಮಗಳು, ಆ ಕಂಪ್ಯೂಟರಿಗೆ ಜೀವಕೋಶ ನೋಡಲು ಕಲಿಸಿದವಳು. ಕಲಿಸಿದವಳು ಅಂದರೆ ದೊಡ್ಡ ಮಾತಾಯಿತು. ಗಡ್ಡೆಯಿಂದ ಸೂಜಿ ಚುಚ್ಚಿ ತೆಗೆದದ್ದನ್ನು ಗಾಜಿಗೆ ಸವರಿ, ಬಣ್ಣ ಹಚ್ಚಿ ಇಟ್ಟರೆ, ಕೋಶದ ನಡುವಿನ ಚುಕ್ಕೆ ಎಷ್ಟು ದೊಡ್ಡದು, ಎಷ್ಟು ಕಪ್ಪು ಎಂದು ಅದು ಅಳೆಯುತ್ತಿತ್ತು. ದೊಡ್ಡದಾಗಿ ಕಪ್ಪಗಿದ್ದರೆ ಪರದೆಯ ಮೇಲೆ ಕೆಂಪು, ಅಂದರೆ ಕ್ಯಾನ್ಸರು. ಇಲ್ಲದಿದ್ದರೆ ಹಸಿರು.

ಆದರೆ ಸಣ್ಣ ಊರಿನ ಲ್ಯಾಬಿನವರು ಬಣ್ಣಕ್ಕೆ ನೀರು ಬೆರೆಸುತ್ತಾರೆ. ಅವರ ಸ್ಲೈಡೆಲ್ಲ ಮಸುಕು, ಮಸುಕಾದದ್ದೆಲ್ಲ ಯಂತ್ರಕ್ಕೆ ಹಸಿರು. ಯಂತ್ರದ ಪರೀಕ್ಷೆಯಲ್ಲಿ ಅಂಥ ಸ್ಲೈಡಿಗೇ ಅದು ತಪ್ಪುತ್ತಿದ್ದಾಗ ಮ್ಯಾನೇಜರು ರವಿಕಿರಣ, ಅವನ್ನು ಲೆಕ್ಕಕ್ಕೇ ಹಿಡಿಯಬೇಡ ಅಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ತಪ್ಪೆಲ್ಲ ಸ್ಲೈಡಿನದಾಯಿತು. ಸತ್ಯಭಾಮಾ ತಲೆ ಆಡಿಸಿದಳು. ಅವಳಿಗೆ ಬಡ್ತಿ ಸಿಕ್ಕಿತು, ಬೀದರಿನಲ್ಲಿ ಮನೆಯವರು ಪೇಢಾ ಹಂಚಿದರು.

ಇವತ್ತು ಬೆಳಿಗ್ಗೆ ಅಂಬುಬಾಯಿ ಎದೆಯ ಗಡ್ಡೆಯ ಸ್ಲೈಡು ಹಿಡಿದು ಬಂದಿದ್ದಳು. ಊರಿನದೇ ಸ್ಲೈಡು, ತೊಳೆದಿಟ್ಟ ಹಾಗೆ ಮಸುಕು. ಯಂತ್ರ ಇದನ್ನು ಸರಿಯಾಗಿ ಓದಲಾರದು ಎಂದು ಸತ್ಯಭಾಮಾಗೆ ನೋಡಿದೊಡನೆ ಗೊತ್ತಾಯಿತು. ಗೊತ್ತಾಗಿಯೂ ಯಂತ್ರಕ್ಕೆ ಹಾಕಿದಳು, ಹಸಿರು ಬಂದದ್ದನ್ನು ಚಿಕ್ಕಮ್ಮನಿಗೆ ತೋರಿಸಿದಳು. ಹೆದರಿದವಳಿಗೆ ಆ ಹೊತ್ತಿಗೆ ಹಸಿರೇ ಬೇಕಾಗಿತ್ತು. ಆಮೇಲೆ ಕಂಪನಿಯ ಡಾಕ್ಟರು ಬಸವಲಿಂಗಪ್ಪ ಅದೇ ಸ್ಲೈಡನ್ನು ತಮ್ಮ ಕಣ್ಣಿನಿಂದ ನೋಡಿ, ಕ್ಯಾನ್ಸರೇ, ತಡ ಮಾಡಬೇಡಿ ಅಂದರು. ಅಂಬುಬಾಯಿ ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗಳು ಮಾಡಿದ ಯಂತ್ರವಿರುವಾಗ ಮುದುಕನ ಕಣ್ಣು ಯಾರಿಗೆ ಬೇಕು?

ಪಕ್ಕದ ಕೋಣೆಯಲ್ಲಿ ಯಂತ್ರ ಕೊಳ್ಳಲು ಬಂದ ಹೊರದೇಶದವರು ಕೂತಿದ್ದರು. ಬಾಗಿಲಲ್ಲಿ ನಿಂತ ರವಿಕಿರಣ, "ಇಪ್ಪುಡು ವದ್ದು," ಈಗ ಬೇಡ ಎಂದು ತೆಲುಗಿನಲ್ಲಿ ಸತ್ಯಭಾಮಾಗೆ ಪಿಸುಗುಟ್ಟಿ, ಕಣ್ಣಲ್ಲೇ ಗದರಿ ಒಳಗೆ ಹೋದ. ಚಿಕ್ಕಮ್ಮನಿಗೆ ನಿಜ ಆಮೇಲೆ ಹೇಳಿದರಾಯಿತು ಅಂತ ಅವಳಿಗೂ ಅನ್ನಿಸಿತು. ಆದರೆ ಚಿಕ್ಕಮ್ಮ ಆಗಲೇ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಳು.

"ಚಿಗವ್ವ, ಮಶೀನ್ ಸುಳ್ಳ ಹೇಳೈತಿ," ಅಂದಳು ಸತ್ಯಭಾಮಾ. "ಮಸುಕ ಸ್ಲೈಡ ಅದಕ್ಕ ತಿಳಿಯೂದಿಲ್ಲ. ನನಗ ಮೊದಲ ಗೊತ್ತಿತ್ತು. ಡಾಕ್ಟರು ಹೇಳಿದ್ದ ಖರೆ."

ಅಂಬುಬಾಯಿ ಅಳಲಿಲ್ಲ. ಮಡಚಿದ ಕಾಲು ಕೆಳಗಿಳಿಸಿ ಕೂತಳು.

"ನಮ್ಮ ಕಡೆ ದವಾಖಾನಿಗೂ ಇದನ್ನ ಕೊಟ್ಟೇವಿ ಅಂತ ಫೋನಿನ್ಯಾಗ ಹೇಳಿದ್ದಿ."

"ಹೂಂ."

"ನನಗರ ನೀ ಅದೀ. ಅಲ್ಲಿ ಪಾಳ್ಯಾಗ ನಿಂತ ಹೆಣ್ಮಕ್ಕಳಿಗೆ ಯಾರ ಹೇಳ್ತಾರ?"

ಪಕ್ಕದ ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಅಂಬುಬಾಯಿ ಎದ್ದು ಸೆರಗು ಸರಿಮಾಡಿಕೊಳ್ಳತೊಡಗಿದಳು. ಭುಜದ ಪಿನ್ನು ಎರಡು ಸಲ ಜಾರಿತು. ಸತ್ಯಭಾಮಾ ಹತ್ತಿರ ಹೋಗಿ ಕೈ ಚಾಚಿದಳು. ಅಂಬುಬಾಯಿ ಆ ಕೈಯನ್ನು ಮೆಲ್ಲಗೆ ಸರಿಸಿ, ಪಿನ್ನನ್ನು ತಾನೇ ಚುಚ್ಚಿಕೊಳ್ಳುತ್ತ ನಿಂತಳು.