ಕೆರೆ ತೋಡಿಸಿದವಳ ಹೆಸರು

ಕೋಕಿಲಾ ದಿವೇಕರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅವಳ ಕೈಕೆಳಗೆ ಪಳಗಿದವರೆಲ್ಲ ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಬಂಗಾಳದ ರಾಜಧಾನಿಯಲ್ಲಿ, ಡಮ್ ಡಮ್‌ನ ಅವಳ ಫ್ಲ್ಯಾಟಿನಲ್ಲಿ, ಎದುರಿಗೆ ಕೂತಿದ್ದ ಹುಡುಗಿ ಒಂದು ಹೊಸ ಐಡಿ ಕಾರ್ಡನ್ನು ಮೇಜಿನ ಮೇಲೆ ಪಟ್ಟನೆ ಇಟ್ಟಾಗ, ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಕಾರ್ಡಿನ ಮೇಲಿನ ಫೋಟೊ ಹುಡುಗಿಯದೇ. ಹೆಸರು ಮಾತ್ರ 'ಯಶಾ ಎಸ್.' ಎಂದಿತ್ತು. ಹುಡುಗಿಯ ಹೆಸರು ಯಾಯೆಲ್ ಸಾತಮಕರ್.

ಇಬ್ಬರೂ ಯಹೂದಿಗಳು. ನಿನ್ನೆ ಮೊನ್ನೆ ಹಡಗಿನಿಂದ ಇಳಿದವರಲ್ಲ ಮತ್ತೆ. ಕೊಂಕಣದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಎಣ್ಣೆಗಾಣ ಆಡಿಸಿ, ಶನಿವಾರ ಬಂದರೆ ಎತ್ತಿಗೂ ರಜೆ ಕೊಡುತ್ತಿದ್ದ ಬೆನೆ ಇಸ್ರೇಲ್ ಜನ. ಕೋಕಿಲಾಳ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶುಕ್ರವಾರ ಸಂಜೆ ದೀಪದ ಮುಂದೆ ಹೀಬ್ರೂ. ಯಾಯೆಲ್ ಬೆಂಗಳೂರಿನವಳು, ನೀರಿನ ಎಂಜಿನಿಯರಿಂಗ್ ಓದಿ ಒಂದು ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯ ಸೆಕ್ಟರ್ ಫೈವ್ ಆಫೀಸಿಗೆ ಸೇರಿ ಏಳು ತಿಂಗಳಾಗಿತ್ತು. ಕೋಕಿಲಾ ಅದೇ ಆಫೀಸಿನಿಂದ ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಇವರಿಬ್ಬರನ್ನು ಜೋಡಿ ಮಾಡಿದ್ದು ಒಂದು ಬಳಗ. ಪರಿಹಾರ, ಅಭಿವೃದ್ಧಿ ಕೆಲಸಗಳಲ್ಲಿ ಲೋಕದ ಮೂಲೆಮೂಲೆಗಳಲ್ಲಿ ದುಡಿಯುವ ಯಹೂದಿಗಳ ಬಳಗವದು. ಅಲ್ಲಿನ ಹಳಬರು ತಲಾ ಒಬ್ಬ ಹೊಸಬರಿಗೆ ಒಂದು ವರ್ಷ ದಾರಿ ತೋರಿಸಬೇಕು. ಇಬ್ಬರೂ ಒಂದೇ ಊರಲ್ಲಿ ಇದ್ದಾರೆ, ಇಬ್ಬರಿಗೂ ಕನ್ನಡ ಬರುತ್ತದೆ ಎಂದು ಕಂಡು ಬಳಗದವರೇ ಬೆಕ್ಕಸ ಬೆರಗಾಗಿದ್ದರು.

ಕೋಕಿಲಾ ಒಪ್ಪಿಕೊಂಡಿದ್ದು ಒಂದೇ ಒಂದು ಷರತ್ತಿನ ಮೇಲೆ. ತನ್ನ ಹೆಸರು ಬಳಗದ ಪಟ್ಟಿಯಲ್ಲಿ ಯಾರಿಗೂ ಕಾಣಬಾರದು.

ಯಾಕೆಂದರೆ ಅವಳು ಯಹೂದಿ ಎಂದು ಯಾರಿಗೂ ಗೊತ್ತಿರಲಿಲ್ಲ. ದಿವೇಕರ್ ಎಂಬ ಅಡ್ಡಹೆಸರು ಹಿಂದೂಗಳಲ್ಲೂ ಉಂಟಲ್ಲ, ಕೇಳಿದವರು ಮರಾಠಿಯವರು ಎಂದುಕೊಂಡರು, ಇವಳು ಹೂಂ ಎಂದಳು. ಆಮೇಲೆ ಯಾರೂ ಕೇಳಲೇ ಇಲ್ಲ. ಆ ಒಂದು ಹೂಂ ಮೂವತ್ತು ವರ್ಷ ನಡೆಯಿತು. ದೊಡ್ಡ ಚಂಡಮಾರುತ ಸುಂದರಬನದ ದ್ವೀಪಗಳಿಗೆ ಸಮುದ್ರವನ್ನೇ ನುಗ್ಗಿಸಿ ಸಿಹಿನೀರಿನ ಕೆರೆಗಳನ್ನೆಲ್ಲ ಉಪ್ಪು ಮಾಡಿ ಹೋದ ಮೇಲೆ, ಒಂದೇ ದ್ವೀಪದಲ್ಲಿ ಹದಿನೇಳು ಕೆರೆ ತೋಡಿಸಿದವಳು ಈ ಕೋಕಿಲಾ. ಮೊಣಕಾಲುದ್ದ ಕೆಸರಲ್ಲಿ ನಿಂತು ಗುತ್ತಿಗೆದಾರರನ್ನು ಬೈದು, ದ್ವೀಪದ ಹೆಂಗಸರ ಸಂಘ ಕಟ್ಟಿಸಿ, ಅದರ ಮುಂದಾಳು ಮನೋವಾರಾ ಬೀಬಿಯ ಮನೆಯಲ್ಲೇ ಉಂಡು ಮಲಗಿ ಮಾಡಿದ ಕೆಲಸ ಅದು. ಈಗ ಮತ್ತೆ ಉಪ್ಪು ಸೇರಿದ ಕೆರೆಗಳನ್ನು ಶುದ್ಧ ಮಾಡುವ ಹೊಸ ಯೋಜನೆಗೆ ಯಾಯೆಲ್ ಮುಖ್ಯಸ್ಥೆ. ಗುರುವಾರ ಮೊದಲ ಸಲ ದ್ವೀಪಕ್ಕೆ ಹೊರಡಬೇಕಿತ್ತು.

ಅಷ್ಟರಲ್ಲಿ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು, ಊರಿನ ಹಳೇ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಯಾಯೆಲ್ ದೀಪ ಹಚ್ಚುತ್ತಿದ್ದ ಫೋಟೊ ಹಾಕಿದರು. ಯಹೂದಿ ದೇಶದ ಯುದ್ಧದ ಸುದ್ದಿ ಹೀಗಿರುವಾಗ ಇವಳನ್ನು ಮುಸಲ್ಮಾನರ ದ್ವೀಪಕ್ಕೆ ಕಳಿಸುವುದೇ ಎಂದು ಕೆಳಗೊಂದು ಒಗ್ಗರಣೆ. ಆ ಸಿನಗಾಗಿನ ಬೀಗದ ಕೈ ಇಟ್ಟುಕೊಂಡು ದಿನಾ ಧೂಳು ಹೊಡೆಯುವವನೇ ಮುಸಲ್ಮಾನ ಎಂಬುದು ಆ ಬುದ್ಧಿವಂತರಿಗೆ ಗೊತ್ತಿತ್ತೋ ಇಲ್ಲವೋ. ಆಫೀಸಿನ ಮುಖ್ಯಸ್ಥ ಬದರಿನಾಥ ಶುಕ್ರವಾರ ಹುಡುಗಿಯನ್ನು ಒಳಗೆ ಕರೆದು ಈ ಕಾರ್ಡ್ ಕೊಟ್ಟಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ್ದನಂತೆ: ಎಲ್ಲ ನಿಮ್ಮ ಸುರಕ್ಷತೆಗಾಗಿ, ಈ ಹೆಸರಲ್ಲಿ ಹೋಗಿ, ಇಲ್ಲವಾದರೆ ಯೋಜನೆ ನಮ್ಮ ಆಫೀಸಿನ ಮನೀಷ್‌ಗೆ ಕೊಡೋಣ, ನೀವು ಇಲ್ಲೇ ಮೇಜಿನ ಕೆಲಸ ನೋಡಿಕೊಳ್ಳಿ, ಸೋಮವಾರ ತಿಳಿಸಿ.

ಕೋಕಿಲಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ, ದಾರಿ ತೋರಿಸುವ ಹಿರಿಯಳಲ್ಲವೇ, ಬುದ್ಧಿ ಹೇಳಿದಳು.

"ನೋಡವಾ, ಕೆರಿ ನೀರು ನಿನ್ನ ಹೆಸರು ಕೇಳೂದಿಲ್ಲ. ಕಾರ್ಡ್ ತಗೊಂಡು ಹೋಗು. ಕೆಲಸ ದೊಡ್ಡದು. ನಾ ಹಂಗ ಮಾಡೇನಿ, ಏನೂ ಕಮ್ಮಿ ಆಗಿಲ್ಲ ನನಗ."

ಯಾಯೆಲ್ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಆಂಟಿ, ಮೂವತ್ತು ವರ್ಷ ಆದ್ಮೇಲೆ ನನ್ನ ಹತ್ರಾನೂ ಒಬ್ಬಳು ಹುಡುಗಿ ಬರ್ತಾಳೆ. ಅವಳಿಗೂ ನಾನು ಇದನ್ನೇ ಹೇಳಬೇಕಾ?"

ಇಷ್ಟು ಹೇಳಿ ಕಾರ್ಡ್ ಎತ್ತಿಕೊಂಡು ಹೊರಟೇಬಿಟ್ಟಳು. ದೂರದ ಯಾವುದೋ ದೇಶ ಮಾಡಿದ್ದಕ್ಕೆ ತಾನು ಉತ್ತರ ಕೊಡುವುದಿಲ್ಲ, ಹಾಗಂತ ಅಜ್ಜಿ ಇಟ್ಟ ಹೆಸರನ್ನೂ ಬಿಡುವುದಿಲ್ಲ, ಮೇಜಿನ ಕೆಲಸವನ್ನೇ ಮಾಡುತ್ತೇನೆ ಎಂದು ಮೆಟ್ಟಿಲ ಹತ್ತಿರ ನಿಂತು ಸೇರಿಸಿದಳು. ಕಣ್ಣಿಂದ ಒಂದು ಹನಿ ಕೆಳಗೆ ಬೀಳಲು ಬಿಡಲಿಲ್ಲ ಪಾಪ.

ಕೋಕಿಲಾಳಿಗೆ ಆ ದಿನವೆಲ್ಲ ಊಟ ಸೇರಲಿಲ್ಲ. ಮೊದಲು ಹುಡುಗಿಯ ಮೇಲೆ ಸಿಟ್ಟು ಬಂತು, ನಿನ್ನೆ ಹುಟ್ಟಿದವಳು ನನಗೆ ಪಾಠ ಹೇಳುತ್ತಾಳೆ ಎಂದು. ಆಮೇಲೆ ಬದರಿನಾಥನ ಮೇಲೆ ಬಂತು. ಮೈಸೂರಿನಿಂದ ಬಂದಾಗ ಬೋಟು ಹತ್ತಲು ಹೆದರುತ್ತಿದ್ದ ಅವನನ್ನು ರಟ್ಟೆ ಹಿಡಿದು ಹತ್ತಿಸಿ ಕೆಲಸ ಕಲಿಸಿದವಳೇ ಇವಳು. ಸಂಜೆಯ ಹೊತ್ತಿಗೆ ಸಿಟ್ಟು ಸುತ್ತಿ ಸುತ್ತಿ ತನ್ನ ಮನೆಗೇ ಬಂದು ಕೂತಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಯಾರೂ ಅವಳ ಕೈ ತಿರುಚಿ ಸುಳ್ಳು ಹೇಳಿಸಿರಲಿಲ್ಲ. ಹೆದರಿಸಲು ಯಾರೂ ಬಂದಿರಲಿಲ್ಲ, ಇವಳೇ ಮುಂಗಡವಾಗಿ ಹೆದರಿಬಿಟ್ಟಿದ್ದಳು. ಫೋನ್ ಎತ್ತಿ ಯಾಯೆಲ್‌ಗೆ ಹಚ್ಚಿ, ನಾಳೆ ನಿನ್ನ ಜೊತೆ ಆಫೀಸಿಗೆ ಬರಲೇ ಎಂದು ಕೇಳಿದಳು. ಹಿರಿಯರು ಹೊಸಬರ ಆಫೀಸಿನಲ್ಲಿ ಕೇಳದೆ ಮೂಗು ತೂರಿಸಬಾರದೆಂಬುದು ಬಳಗದ ನಿಯಮ. ಕಾರ್ಡ್ ತಗೋ ಎಂದು ಹೇಳಲು ಬರುವುದಾದರೆ ಬೇಡ ಎಂದಳು ಹುಡುಗಿ. ಅದಕ್ಕಲ್ಲ ಎಂದಳು ಕೋಕಿಲಾ.

ಸೋಮವಾರ ಡಮ್ ಡಮ್‌ನಲ್ಲಿ ಮೆಟ್ರೊ ಹತ್ತಿ, ಎಸ್‌ಪ್ಲನೇಡಿನಲ್ಲಿ ಇಳಿದು ಬದಲಿಸಿ, ಹತ್ತೂವರೆಗೆ ಸೆಕ್ಟರ್ ಫೈವ್ ತಲುಪಿದಳು. ಬದರಿನಾಥ ಎದ್ದು ನಿಂತು, ಬನ್ನಿ ಮೇಡಂ, ಒಳ್ಳೇ ಹೊತ್ತಿಗೆ ಬಂದಿರಿ, ಈ ಹುಡುಗಿಗೆ ನೀವೇ ಸ್ವಲ್ಪ ತಿಳಿಸಿ ಹೇಳಿ ಎಂದ. ಅವನು ಕೆಟ್ಟವನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ದ್ವೀಪದ ಜನ ಬೇಸರ ಮಾಡಿಕೊಂಡರೆ ಹದಿನಾಲ್ಕು ವರ್ಷದ ನಂಬಿಕೆ ಹೋಗುತ್ತದೆ, ನೀವು ಬೆವರು ಸುರಿಸಿ ಗಳಿಸಿದ ನಂಬಿಕೆ ಅದು ಎಂದು ಇವಳ ಕೊರಳಿಗೇ ಮಾತಿನ ಹಾರ ಹಾಕಿದ.

ಜನ ಬೇಸರವಾಗಿದೆ ಎಂದರೇ, ಎಂದು ಕೋಕಿಲಾ ಕೇಳಿದಳು. ಇಲ್ಲ, ಆಗಬಹುದಲ್ಲ ಎಂದ. ಕೇಳಿದಿರೇ? ಅದನ್ನು ಹೇಗೆ ಮೇಡಂ ಕೇಳುವುದು ಎಂದ. ಯಾಯೆಲ್ ಗೋಡೆಗೆ ಒರಗಿ ನಿಂತಿದ್ದಳು. ಕೊರಳಲ್ಲಿ ಹಳೇ ಕಾರ್ಡೇ ಇತ್ತು, ಹೊಸದನ್ನು ಬದರಿನಾಥನ ಮೇಜಿನ ಮೇಲೆ ವಾಪಸ್ ಇಟ್ಟಿದ್ದಳು.

"ಬದರಿ, ಯಹೂದಿ ಹೆಣ್ಣುಮಗಳು ಮುಟ್ಟಿದ ನೀರು ಅವರು ಕುಡಿಯಂಗಿಲ್ಲ ಅಂತೀಯಲ್ಲ. ಹಂಗಾರ ಆ ಹದಿನೇಳು ಕೆರಿ ಮುಚ್ಚಿಸಿಬಿಡು. ತೋಡಿಸಿದಾಕಿನೂ ಯಹೂದಿನ ಐತಿ."

ಬದರಿನಾಥನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿಯಲ್ಲಿ ಕೂತುಬಿಟ್ಟ. ಇಪ್ಪತ್ತು ವರ್ಷ ಜೊತೆಗೆ ದುಡಿದವಳು, ತನ್ನ ಮದುವೆಗೆ ಬಂದು ಅಕ್ಷತೆ ಹಾಕಿದವಳು. ಮೆಲ್ಲಗೆ ಹೇಳಿದ: "ಆದ್ರೆ ಮೇಡಂ, ಅವರಿಗೆ ಅದು ಗೊತ್ತಿರಲಿಲ್ಲವಲ್ಲ."

ಆ ಮಾತು ನೇರವಾಗಿ ನಾಟಿತು. ಅವನು ಹೇಳಿದ್ದು ನಿಜ. ಗೊತ್ತಿದ್ದರೆ ಏನನ್ನುತ್ತಿದ್ದರೋ ಎಂಬುದಕ್ಕೆ ಇವಳ ಹದಿನೇಳು ಕೆರೆ ಸಾಕ್ಷಿ ಹೇಳಲಾರವು. ಕೋಕಿಲಾ ಚೀಲದಿಂದ ಫೋನ್ ತೆಗೆದಳು. ಬೇಡ ಮೇಡಂ, ಯೋಚನೆ ಮಾಡಿ ಎಂದು ಬದರಿನಾಥ ಕೈ ಅಡ್ಡ ತಂದ. ಮೂವತ್ತು ವರ್ಷ ಯೋಚನೆ ಮಾಡಿ ಆಗಿದೆ ಎಂದು ಆ ಕೈಯನ್ನು ಸರಿಸಿ, ಮನೋವಾರಾ ಬೀಬಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಳು. ಆ ದ್ವೀಪದಲ್ಲಿ ಅವಳನ್ನು ದೀದಿ ಎಂದು ಕರೆಯುವ ಇನ್ನೂರು ಮನೆಗಳಿದ್ದವು. ಮಕ್ಕಳಿಲ್ಲದ ಅವಳಿಗೆ ಅದೇ ಬಂಧುಬಳಗ.

ಸುತ್ತಿಬಳಸದೆ ಬಂಗಾಳಿಯಲ್ಲಿ ಎಲ್ಲ ಹೇಳಿದಳು. ಒಬ್ಬ ಹುಡುಗಿ ಬರಬೇಕಿತ್ತು, ಯಹೂದಿ. ಬೇರೆ ಹೆಸರಲ್ಲಿ ಹೋಗು ಎಂದು ಆಫೀಸು ಹೇಳಿತು. ನಾನೂ ಅದನ್ನೇ ಹೇಳಿದೆ. ಅವಳು ಕೆಲಸ ಬಿಟ್ಟೇನು, ಹೆಸರು ಬಿಡೆನು ಎಂದಳು. ಇನ್ನೊಂದು ಮಾತು ಮನೋವಾರಾ, ನಾನೂ ಯಹೂದಿ. ಮೊದಲಿಂದಲೂ.

ಆ ಕಡೆಯಿಂದ ಕೋಳಿಗಳ ಸದ್ದು ಕೇಳಿತು. ಬದರಿನಾಥ ಕಣ್ಣು ಮುಚ್ಚಿಕೊಂಡ.

ಕೊನೆಗೆ ಮನೋವಾರಾ ಕೇಳಿದ್ದು ವಿಚಿತ್ರವಾಗಿತ್ತು. ಹಾಗಾದರೆ ಸಿಗಡಿ, ಎಂದಳು. ಸಿಗಡಿ ತಾಗಿದರೆ ಮೈ ಊದಿ ಉಸಿರು ಕಟ್ಟುತ್ತದೆ, ವೈದ್ಯರು ಬೇಡವೆಂದಿದ್ದಾರೆ ಅಂದಿದ್ದಿರಲ್ಲ?

ಸುಳ್ಳು, ಎಂದಳು ಕೋಕಿಲಾ. ನಮ್ಮ ಧರ್ಮದಲ್ಲಿ ಸಿಗಡಿ ತಿನ್ನಬಾರದು, ಅದಕ್ಕೆ.

ಮನೋವಾರಾಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಹದಿನಾಲ್ಕು ವರ್ಷ, ನೀವು ಬರುವ ಹಿಂದಿನ ದಿನ ಮನೆಯ ಪಾತ್ರೆಯನ್ನೆಲ್ಲ ಬೂದಿ ಹಾಕಿ ಮೂರು ಸಲ ತಿಕ್ಕಿದ್ದೇನೆ ದೀದಿ. ನನ್ನ ಕೈಯಿಂದ ನಿಮ್ಮ ಜೀವ ಹೋದೀತು ಎಂದು. ನಮ್ಮಲ್ಲೂ ತಿನ್ನಬಾರದ್ದು ಇದೆ. ಒಂದು ಮಾತು ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ? ಸುಳ್ಳು ಹೆಸರಲ್ಲಿ ಬರುವುದಿಲ್ಲ ಎಂದಳಲ್ಲ, ಆ ಹುಡುಗಿಯನ್ನು ಕಳಿಸಿ. ನೀವು ಬರಬೇಡಿ."

ಫೋನ್ ಕಟ್ ಆಯಿತು.

ಬದರಿನಾಥ ಯಾರ ಮುಖವನ್ನೂ ನೋಡದೆ, ಯಾಯೆಲ್, ಗುರುವಾರ ನೀವೇ ಹೊರಡಿ ಎಂದ. ಮೇಜಿನ ಮೇಲಿದ್ದ 'ಯಶಾ ಎಸ್.' ಕಾರ್ಡನ್ನು ಡ್ರಾಯರಿಗೆ ಹಾಕಿದ. ಕೆಲಸ ಆಯಿತಲ್ಲ, ಹುಡುಗಿ ಗೆದ್ದಳು. ಆದರೆ ಅವಳು ನಗಲಿಲ್ಲ, ಬಂದು ಕೋಕಿಲಾಳ ಕುರ್ಚಿಯ ಪಕ್ಕ ನಿಂತಳು. ಕೋಕಿಲಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಮೂಗು ಸೀಟಿಕೊಂಡಳು, ಯಾರು ಬೇಕಾದರೂ ನೋಡಲಿ ಎಂಬಂತೆ. ನೀವು ಹೇಳಬಾರದಿತ್ತು ಮೇಡಂ, ಇಷ್ಟು ವರ್ಷದ ಪ್ರೀತಿ ಹೋಯಿತಲ್ಲ ಎಂದು ಬದರಿನಾಥ ನಿಜವಾಗಿಯೂ ಮರುಗಿದ. ಸುಮ್ಮನೆ ಕೂಡು ಎಂದು ಅವನನ್ನು ಗದರಿದಳು. ಆಮೇಲೆ ಯಾಯೆಲ್ ಕಡೆ ತಿರುಗಿ, ಗುರುವಾರ ಬೋಟು ಎಷ್ಟು ಗಂಟೆಗೆ ಎಂದು ಕೇಳಿದಳು.

"ಆಂಟಿ, ಅವರು ಬರಬೇಡಿ ಅಂದ್ರಲ್ಲ."

"ಅನ್ನಲಿ, ಅನ್ನೂ ಹಕ್ಕು ಐತಿ ಆಕಿಗೆ. ನಾ ಬರಾಕಿನ. ಬಾಗಿಲ ತಗೀದಿದ್ರ ಅಂಗಳದಾಗ ನಿಂತು ಬೈಸ್ಕೊಂತೀನಿ." ಕೋಕಿಲಾ ಚೀಲ ಹೆಗಲಿಗೇರಿಸಿ ಎದ್ದಳು. "ಇಷ್ಟು ವರ್ಷ ಆಕಿ ಮನ್ಯಾಗ ಉಂಡಾಕಿ ಬ್ಯಾರೆ ಯಾರೋ. ಬೈಸ್ಕೊಳ್ಳಾಕಿ ನಾನ."