ಮುದಿ ಕರಡಿಯ ನಡಿಗೆ

"ಹೂವನ್ನ ಸ್ವಲ್ಪ ಆ ಕಡೆ ಸರಿಸಿ, ಬೆಳಕು ಮುಖದ ಮೇಲೆ ಬೀಳ್ಲಿ," ಎನ್ನುತ್ತ ನಿರ್ದೇಶಕ ತಾನೇ ಕೈ ಹಾಕಿ ಹೂವುಗಳನ್ನು ತಳ್ಳಿದ. ಬೆಳಕು ಬೀಳಬೇಕಾಗಿದ್ದದ್ದು ಶವದ ಮುಖಕ್ಕಲ್ಲ, ಪಕ್ಕದಲ್ಲಿ ನಿಂತ ಅವನ ಮುಖಕ್ಕೆ. ಪೆಟ್ಟಿಗೆಯಲ್ಲಿ ಮಲಗಿದ್ದವಳು ಮೂವತ್ತು ವರ್ಷ ಅವನ ನೃತ್ಯ ತಂಡಕ್ಕೆ ಉಡುಪು ಹೊಲಿದ ಟೈಲರಮ್ಮ. ಅವಳ ಮಗಳಿಗೆ ಮೈಯೆಲ್ಲ ಉರಿದುಹೋಯಿತು.

ಫೋಟೋದವನು ಸಿದ್ಧನಾದ ಮೇಲೆ ನಿರ್ದೇಶಕ ಗಂಟಲು ಸರಿಮಾಡಿಕೊಂಡ. "ನಮ್ಮ ಕರಡಿ ಬ್ಯಾಲೆಯನ್ನ ಊರೆಲ್ಲ ಕೊಂಡಾಡ್ತು. ಆ ಮುದಿ ಕರಡಿಯ ನಡಿಗೆ ಇದೆಯಲ್ಲ, ಅದಕ್ಕೆ ನಾನು ಆರು ತಿಂಗಳು ನಿದ್ದೆಗೆಟ್ಟಿದ್ದೆ. ಪಾಪ, ಟೈಲರಮ್ಮ ಒಳ್ಳೇ ಅಂಗಿ ಹೊಲಿದುಕೊಟ್ರು."

ಪಾಪವಂತೆ ಪಾಪ. ಮಗಳು ಅವನು ತಳ್ಳಿದ್ದ ಹೂವುಗಳನ್ನು ಮತ್ತೆ ಅಮ್ಮನ ಬಳಿಗೆ ಸರಿಸಿದಳು.

* * *

ಕಾಡಿನಲ್ಲಿ ದಾರಿ ತಪ್ಪಿದ ಮಕ್ಕಳನ್ನು ಮುದಿ ಕರಡಿಯೊಂದು ಮನೆ ಮುಟ್ಟಿಸುವ ಕತೆಯನ್ನು ಕೇಳದ ಮಕ್ಕಳಿಲ್ಲ. ಬ್ಯಾಲೆ ಕಟ್ಟುವಾಗ ನಿರ್ದೇಶಕ ಅದನ್ನು ಈ ಕಾಲಕ್ಕೆ ಒಗ್ಗಿಸಲು ಹೊರಟು ಕಾಡನ್ನು ಬಸ್ ನಿಲ್ದಾಣ ಮಾಡಿದ, ಕರಡಿಯನ್ನು ಕಸ ಗುಡಿಸುವ ಮುದುಕಿ ಮಾಡಿದ. ಮುದುಕಿ ಹೇಗೆ ನಡೆಯಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಪಾತ್ರ ಮಾಡುತ್ತಿದ್ದ ಹುಡುಗಿಯನ್ನು ಬೈದು ಬೈದು ಅಳಿಸಿದ.

ಅಂಗಿಯ ಅಳತೆ ನೋಡಲು ಬಂದಿದ್ದ ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಳು. "ಅಳ್ಬೇಡ ಕಣೇ, ಇಲ್ನೋಡು." ಎಡಗೈ ಸೊಂಟಕ್ಕೆ ಊರಿ, ಹೊಲಿಗೆ ಯಂತ್ರ ತುಳಿದು ತುಳಿದು ಸೋತ ಬಲಗಾಲನ್ನು ಎಳೆದುಕೊಂಡು ಕೊಠಡಿಯ ಆ ತುದಿಗೆ ಹೋಗಿ ಬಂದಳು. "ನನಗೆ ಬರೋದು ಇದೊಂದೇ ನಡಿಗೆ."

ಊಟದ ಡಬ್ಬಿ ತಂದಿದ್ದ ಮಗಳು ಬಾಗಿಲಲ್ಲಿ ನಿಂತು ನೋಡಿದ್ದಳು. ನಿರ್ದೇಶಕನೂ ನೋಡಿದ್ದ.

* * *

"ಒಂದು ಮಾತು ಹೇಳ್ಬಿಡಿ ಸರ್," ಎಂದಳು ಮಗಳು. "ಅದು ನಮ್ಮಮ್ಮನ ನಡಿಗೆ ಅಂತ. ನನಗೆ ಬೇರೇನೂ ಬೇಡ."

ಅವನು ಅವಳ ತಲೆ ಸವರಿದ. "ದುಃಖದಲ್ಲಿದ್ದೀಯಮ್ಮ. ಮುದುಕಿಯರೆಲ್ಲ ಹಾಗೇ ನಡೀತಾರೆ. ಅದನ್ನ ಕಲೆ ಮಾಡಿದ್ದು ಯಾರು, ನೀನೇ ಹೇಳು."

ಸುತ್ತಲಿದ್ದ ಕಲಾವಿದರು ನೆಲ ನೋಡಿದರು. ಮುಂದಿನ ಬ್ಯಾಲೆಯಲ್ಲಿ ಪಾತ್ರ ಎಲ್ಲರಿಗೂ ಬೇಕಲ್ಲ. ಅವನ ಕೈ ತಾಗಿದ ಕೂದಲನ್ನು ಮಗಳು ಸೆರಗಿನಿಂದ ಒರೆಸಿಕೊಂಡಳು.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ನಿರ್ದೇಶಕ ಫೋಟೋದವನಿಗೆ ಕಣ್ಸನ್ನೆ ಮಾಡಿ, ಮುಂದಿನ ತುದಿಗೆ ಹೆಗಲು ಕೊಡಲು ಬಗ್ಗಿದ.

"ನೀವು ಬಿಡಿ," ಎಂದಳು ಮಗಳು.

"ಅಯ್ಯೋ, ನನಗೇನೂ ಭಾರ ಅಲ್ಲಮ್ಮ."

"ಅಮ್ಮನಿಗೆ ಭಾರ. ಬಿಡಿ."

ಗೋಡೆಗೊರಗಿ ನಿಂತಿದ್ದ ಕರಡಿ ಪಾತ್ರದ ಹುಡುಗಿ ಮುಂದೆ ಬಂದು ಅವನ ಜಾಗದಲ್ಲಿ ನಿಂತಳು.

"ನಾಳೆ ಬೆಳಿಗ್ಗೆ ರಿಹರ್ಸಲ್ ಇದೆ, ನೆನಪಿರ್ಲಿ," ಎಂದ ನಿರ್ದೇಶಕ.

ಹುಡುಗಿ ಪೆಟ್ಟಿಗೆಗೆ ಹೆಗಲು ಕೊಟ್ಟಳು. ಹೆಗಲು ಕೊಟ್ಟ ಉಳಿದ ಮೂವರು ಎತ್ತರದವರು, ಅವಳು ಗಿಡ್ಡಿ. ಪೆಟ್ಟಿಗೆ ಅವಳ ಕಡೆಗೆ ವಾಲಿತು. ಹಾಗೆ ವಾಲಿಕೊಂಡೇ ಬಾಗಿಲು ದಾಟಿ ಬೀದಿಗೆ ಇಳಿಯಿತು.