ಸಿದ್ದಲಿಂಗವ್ವನ ಬಿಸಿನೀರು

ಇಳಕಲ್ಲಿನ ಸಿದ್ದಲಿಂಗವ್ವ ಹನ್ನೊಂದು ಮಂದಿಯ ಮನೆಯಲ್ಲಿ ನಲವತ್ತು ವರ್ಷ ಎಲ್ಲರಿಗಿಂತ ಕೊನೆಗೆ ಸ್ನಾನ ಮಾಡಿದವಳು. ನಸುಕಿನಲ್ಲೆದ್ದು ಹಂಡೆಗೆ ಉರಿ ಹಾಕುವವಳು ಅವಳೇ. ಗಂಡ ಗುರಲಿಂಗಪ್ಪ, ಮೈದುನರು, ಮಕ್ಕಳು, ಬೀಗರು ಬಂದರೆ ಬೀಗರು, ಎಲ್ಲರದೂ ಮುಗಿಯುವಷ್ಟರಲ್ಲಿ ತಳದಲ್ಲಿ ಎರಡು ತಂಬಿಗೆ ಉಗುರುಬೆಚ್ಚಗಿನ ನೀರು ಉಳಿದಿರುತ್ತಿತ್ತು. ಅವಳು ಯಾರ ಮೇಲೂ ಸಿಟ್ಟಾದವಳಲ್ಲ. ಮಗ್ಗಕ್ಕೆ ನೂಲು ಸುತ್ತಲು ಕೂರುವ ಹೊತ್ತಾಗಿರುತ್ತಿತ್ತು. ಇದ್ದಷ್ಟನ್ನು ಸುರಿದುಕೊಂಡು ಎದ್ದು ಬರುತ್ತಿದ್ದಳು.

೧೯೭೯ರ ದೀಪಾವಳಿ ಮುಗಿದ ವಾರ, ಬಾಡಿಗೆ ಜೀಪು ಓಡಿಸುವ ಪಕ್ಕದ ಮನೆಯ ಅಹ್ಮದಸಾಬ ಕೊಂಕಣಕ್ಕೆ ಹೋಗಿ ಬಂದ. ಕಟ್ಟೆಯ ಮೇಲೆ ಕೂತು ಸುದ್ದಿ ಹೇಳಿದ.

“ಅಕ್ಕಾರ, ಘಟ್ಟದ ಕೆಳಗ ಒಂದು ಕಡೆ ನೆಲದಾಗಿಂದ ಬಿಸಿನೀರು ಬರ್ತೈತ್ರಿ. ಒಲಿ ಇಲ್ಲ, ಕಟಗಿ ಇಲ್ಲ. ಎಷ್ಟು ಮಂದಿ ಜಳಕ ಮಾಡಿದ್ರೂ ತೀರೂದಿಲ್ಲ.”

ಜೋಳ ಹಸನು ಮಾಡುತ್ತಿದ್ದ ಸಿದ್ದಲಿಂಗವ್ವನ ಮೊರ ನಿಂತಿತು. “ಖರೆ ತೀರೂದಿಲ್ಲೇನು?”

“ಖರೇರಿ. ನನ್ನ ಕಣ್ಣಲೆ ನೋಡೇನಿ.”

“ಹಂಗಾದ್ರ ನನ್ನ ಕರ್ಕೊಂಡು ಹೋಗು.”

ಗುರಲಿಂಗಪ್ಪ ನಕ್ಕ. “ಒಂದು ಜಳಕಕ್ಕ ಇನ್ನೂರು ಮೈಲು ಹೋಗ್ತಿ? ಮನ್ಯಾಗ ಹಂಡೆ ಇಲ್ಲೇನು?”

“ಹಂಡೆ ಐತ್ರಿ. ನನ್ನ ಪಾಳಿ ಬರೂದ್ರಾಗ ನೀರ ಇರೂದಿಲ್ಲ.”

ವಾರವಿಡೀ ಮುಖ ಬಿಗಿದುಕೊಂಡಿದ್ದ ಗುರಲಿಂಗಪ್ಪ ಹೊರಡುವ ದಿನ ರುಮಾಲು ಸುತ್ತಿಕೊಂಡು ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಅಹ್ಮದಸಾಬನ ಹೆಂಡತಿ ಮಲಿಕಾ ಮತ್ತು ರೊಟ್ಟಿ ಗಂಟಿನೊಂದಿಗೆ ಸಿದ್ದಲಿಂಗವ್ವ.

ಹುನಗುಂದ, ಬಾಗಲಕೋಟೆ ದಾಟಿ ಕಲಾದಗಿಯಲ್ಲಿ ಗಂಟು ಬಿಚ್ಚಿ ಉಂಡರು. ಬೆಳಗಾವಿಯಲ್ಲಿ ತಂಗಿ ಮರುದಿನ ಘಟ್ಟ ಇಳಿದರು. ಒಂದೊಂದು ತಿರುವಿಗೂ ಗುರಲಿಂಗಪ್ಪ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದ. ಸಿದ್ದಲಿಂಗವ್ವ ತಲೆ ಹೊರಗೆ ಹಾಕಿ ಕಣಿವೆ ನೋಡಿದಳು.

ಕೆಳಗೆ ಒಂದು ಹಳ್ಳದ ಹತ್ತಿರ ಜೀಪು ನಿಂತಿತು. ಮೊನ್ನೆಯ ಮಳೆಗೆ ಸೇತುವೆ ಕೊಚ್ಚಿಹೋಗಿತ್ತು. ಬುಗ್ಗೆ ಇನ್ನೂ ಎರಡು ಮೈಲು ದೂರ, ಬರೀ ಬಂಡೆಗಳ ಕಾಲುದಾರಿ. ಸಿದ್ದಲಿಂಗವ್ವನ ಮೊಣಕಾಲು ಮನೆಯ ಮೆಟ್ಟಿಲಿಗೇ ಮುಷ್ಕರ ಹೂಡುವಂಥವು.

“ಸಾಕು, ಹೊಳ್ಳಿ ಹೋಗೂಣು,” ಅಂದ ಗುರಲಿಂಗಪ್ಪ.

ಅವಳು ಸೆರಗನ್ನು ಸೊಂಟಕ್ಕೆ ಬಿಗಿದಳು. “ನೀವು ಜೀಪಿನ್ಯಾಗ ಕುಂದರ್ರಿ. ನಾ ಹೋಗಿ ಬರ್ತೇನಿ.”

ಮಲಿಕಾಳ ಹೆಗಲು ಹಿಡಿದು ಮೊಣಕಾಲುದ್ದದ ನೀರು ದಾಟಿದಳು. ಒಮ್ಮೆ ಜಾರಿ ಬಿದ್ದು ಅಂಗೈ ತರಚಿತು. ಎರಡು ಕಡೆ ಕೂತು ಸುಧಾರಿಸಿಕೊಂಡಳು, ಮತ್ತೆ ಎದ್ದಳು. ಹಿಂದೆ ಅಹ್ಮದಸಾಬನ ಜೊತೆ ಗುರಲಿಂಗಪ್ಪ ರೊಟ್ಟಿ ಗಂಟು ಹೊತ್ತು ಬರುತ್ತಿದ್ದ. ಎರಡು ತಾಸಿನ ಮೇಲೆ ಮರಗಳ ನಡುವೆ ಹಬೆ ಕಂಡಿತು. ಕಲ್ಲು ಕಟ್ಟಿದ ಒಂದೇ ಒಂದು ಕೊಳ, ಗಂಧಕದ ವಾಸನೆ, ತಳದಿಂದ ಏಳುವ ಗುಳ್ಳೆ.

ಗುರಲಿಂಗಪ್ಪ ದಂಡೆಗೆ ಬಂದವನೇ ಅಂಗಿಯ ಗುಂಡಿ ಬಿಚ್ಚತೊಡಗಿದ.

“ನಿಂದರ್ರಿ,” ಅಂದಳು ಸಿದ್ದಲಿಂಗವ್ವ. “ಇವತ್ತ ಮೊದಲ ನಾ.”

ಅವನು ಅವಳನ್ನೇ ನೋಡಿದ. ಆಮೇಲೆ ಗುಂಡಿ ಹಾಕಿಕೊಂಡು, ಅಹ್ಮದಸಾಬನೊಡನೆ ಬಂಡೆಯ ಆಚೆ ಹೋಗಿ ಕೂತ. ಅಲ್ಲಿಯ ಊರಿನ ಮೂವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಾಗ ಎದ್ದು ಕೈ ಅಡ್ಡ ಹಿಡಿದ. “ನಿಂದರ್ರೆಪಾ, ನಮ್ಮಾಕಿ ಜಳಕ ಮಾಡಾಕ ಹತ್ಯಾಳ.” ಅವರಿಗೆ ಕನ್ನಡ ಬರುತ್ತಿರಲಿಲ್ಲ, ಕೈ ಅರ್ಥವಾಯಿತು.

ಸಿದ್ದಲಿಂಗವ್ವ ಸೀರೆಯುಟ್ಟೇ ಒಂದೊಂದು ಮೆಟ್ಟಿಲು ಇಳಿದಳು. ಬಿಸಿಗೆ “ಎವ್ವಾ!” ಎಂದು ಕೂಗಿ, ಕುತ್ತಿಗೆಯ ತನಕ ಕೂತುಬಿಟ್ಟಳು. ಮಲಿಕಾ ತಲೆಗೆ ತಂಬಿಗೆಯಿಂದ ಹೊಯ್ದಳು. ಹತ್ತು ತಂಬಿಗೆ, ಐವತ್ತು ತಂಬಿಗೆ, ನೀರು ಒಂದು ಬೆರಳೂ ಇಳಿಯಲಿಲ್ಲ, ಆರಲೂ ಇಲ್ಲ. ಸಿದ್ದಲಿಂಗವ್ವ ಎರಡೂ ಕೈಯಿಂದ ನೀರನ್ನು ಬಡಿದು ಗಟ್ಟಿಯಾಗಿ ನಕ್ಕಳು. ಆ ನಗು ಬಂಡೆಯ ಆಚೆಗೂ ಕೇಳಿಸಿತು.

“ಆತೇನ ಇನ್ನ?” ಗುರಲಿಂಗಪ್ಪ ಕೂಗಿದ.

“ಆಗಿಲ್ರೀ!”

ಮುಕ್ಕಾಲು ತಾಸಾದ ಮೇಲೆ ಕೆಂಪಗಾದ ಮುಖದಿಂದ ಎದ್ದು ಬಂದಳು. ಗಂಡಸರ ಸ್ನಾನ ಮುಗಿಯುವ ತನಕ ಬಿಸಿಲಿಗೆ ಕೂದಲು ಹರವಿಕೊಂಡು ಕೂತಳು.

“ತಮ್ಮಾ,” ಅಹ್ಮದಸಾಬ ಬಂದಾಗ ಕೇಳಿದಳು, “ಸಮುದ್ರ ಇಲ್ಲಿಂದ ಎಷ್ಟು ದೂರ?”

“ಇಪ್ಪತ್ತು ಮೈಲು ಇರಬೇಕ್ರಿ.”

ತಲೆ ಒರೆಸಿಕೊಳ್ಳುತ್ತಿದ್ದ ಗುರಲಿಂಗಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಿದ್ದಲಿಂಗವ್ವ ಕೂದಲು ಗಂಟು ಹಾಕಿ, ಎಲ್ಲರಿಗಿಂತ ಮುಂದಾಗಿ ಜೀಪಿನ ಕಡೆ ನಡೆಯತೊಡಗಿದ್ದಳು.